ಬರ್ಫದ ಮೇಲಿನ ಗಾಲಿ, ಎರೆಯ ಮೇಲಿನ ಗಾಲಿ

ಹಸ್ತಾ ಮಳೆ ಹಿಡಿದು ಮೂರನೆಯ ದಿನ. ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಅಂದು ಆಂತರಿಕ ಪರೀಕ್ಷೆ ನಡೆದಿತ್ತು. ಪರೀಕ್ಷೆ ಆರಂಭವಾಗಿ ಮುಕ್ಕಾಲು ತಾಸಾದ ಮೇಲೆ ಬಾಗಿಲಲ್ಲಿ ಒಬ್ಬ ವಿದ್ಯಾರ್ಥಿ ಬಂದು ನಿಂತನು. ಮೊಣಕಾಲಿನವರೆಗೆ ಕಪ್ಪು ಕೆಸರು. ಎಡ ಹೆಗಲ ಮೇಲೆ ಸೈಕಲ್ಲಿನ ನಳಿಗೆ ಒತ್ತಿದ ಗುರುತು. ಅವನ ಊರು ರೋಣದ ಉತ್ತರಕ್ಕೆ, ಮಲಪ್ರಭೆಯ ದಿಕ್ಕಿಗೆ. ಹನ್ನೊಂದು ಕಿಲೋಮೀಟರು ದಾರಿಯಲ್ಲಿ ಮೊದಲಿನ ಮೂರು ಕಿಲೋಮೀಟರು ಹೊಲದೊಳಗಿನ ಎರೆಯ ದಾರಿ. ಆ ಮೂರು ಕಿಲೋಮೀಟರಿನಲ್ಲಿ ಸೈಕಲ್ಲು ಅವನನ್ನು ಹೊತ್ತಿರಲಿಲ್ಲ. ಅವನೇ ಸೈಕಲ್ಲನ್ನು ಹೊತ್ತಿದ್ದನು. ಅವನನ್ನು ಎರಡನೆಯ ತಂಡದಲ್ಲಿ ಕೂಡಿಸಿ ಪರೀಕ್ಷೆಯನ್ನೇನೋ ಮುಗಿಸಿದೆವು. ಹೊರಡುವಾಗ ಅವನು ಕೇಳಿದ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ.

“ಸರ, ಬರ್ಫದ ಮ್ಯಾಲ ಸೈಕಲ್ ಹೊಡಿಯೋ ಮಂದಿ ಅದಾರಲ್ಲರಿ, ಮೊಬೈಲ್‌ನ್ಯಾಗ ನೋಡೇನಿ. ಬರ್ಫ ಎರಿಕಿಂತ ಹೆಚ್ಚು ಜಾರತೈತಿ. ಮತ್ತ ಅವರಿಗೆ ಬರೂದು ನಮಗ್ಯಾಕ ಬರೂದಿಲ್ರಿ?”

ಪಠ್ಯಪುಸ್ತಕದ ಘರ್ಷಣೆಯ ಪಾಠವನ್ನು ನಾವು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದವರು. ಆದರೂ ಆ ಹೊತ್ತಿಗೆ ನಮ್ಮಲ್ಲಿ ತೃಪ್ತಿಕರವಾದ ಉತ್ತರವಿರಲಿಲ್ಲ. ಮುಂದಿನ ಬರಹವು ಆ ಉತ್ತರವನ್ನು ಹುಡುಕಿದ ಕಥೆ.

ಇದು ಬರಿಯ ಕುತೂಹಲದ ಪ್ರಶ್ನೆಯೂ ಅಲ್ಲ. ಹಿಂಗಾರಿ ಮಳೆಯ ತಿಂಗಳುಗಳಲ್ಲಿ ನಮ್ಮ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ಯಾರ ಊರು ಎರೆಯಲ್ಲಿದೆ, ಯಾರದು ಮಸಾರಿಯಲ್ಲಿದೆ ಎಂಬುದನ್ನು ಊರಿನ ಹೆಸರು ಕೇಳದೆಯೇ ಹೇಳಬಹುದು. ಗಜೇಂದ್ರಗಡದ ಕಡೆಯ ಕೆಂಪು ನೆಲದಿಂದ ಬರುವ ಮಕ್ಕಳು ಮಳೆ ನಿಂತ ತಾಸೆರಡು ತಾಸಿನಲ್ಲಿ ಹೊರಟುಬರುತ್ತಾರೆ. ಎರೆಯವರಿಗೆ ಎರಡು ದಿನ, ಒಮ್ಮೊಮ್ಮೆ ನಾಲ್ಕು ದಿನ ದಾರಿಯೇ ಇಲ್ಲ. ನೂರಕ್ಕೆ ಎಪ್ಪತ್ತೈದು ಹಾಜರಿ ತುಂಬದಿದ್ದರೆ ಪರೀಕ್ಷೆಗೆ ಕೂಡಲು ಬಾರದು. ಹೀಗೆ ಒಂದು ಬಗೆಯ ಮಣ್ಣಿನ ಗುಣವು ಒಬ್ಬ ಹುಡುಗನ ಅಥವಾ ಹುಡುಗಿಯ ಒಂದು ವರ್ಷವನ್ನು ನುಂಗಬಲ್ಲದು.

ಮೊದಲು ಸೈಕಲ್ಲು ಏಕೆ ಬೀಳುವುದಿಲ್ಲ ಎಂಬುದನ್ನು ನೋಡೋಣ; ಅದು ತಿಳಿದರೆ ಏಕೆ ಬೀಳುತ್ತದೆಂಬುದು ಅರ್ಧ ತಿಳಿದಂತೆ. ಗಾಲಿಗಳು ಬುಗುರಿಯಂತೆ ತಿರುಗುವುದರಿಂದ ಸೈಕಲ್ಲು ನೆಟ್ಟಗೆ ನಿಲ್ಲುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಈ ಮಾತು ಪೂರ್ತಿ ನಿಜವಲ್ಲ. ೧೮೯೯ರಲ್ಲಿ ಕೇಂಬ್ರಿಜ್ಜಿನ ವಿಪ್ಪಲ್ ಎಂಬವನು ಸೈಕಲ್ಲಿನ ಚಲನೆಯ ಸಮೀಕರಣಗಳನ್ನು ಬರೆದನು. ೧೯೭೦ರಲ್ಲಿ ಡೇವಿಡ್ ಜೋನ್ಸ್ ಎಂಬ ಇಂಗ್ಲಿಷ್ ವಿಜ್ಞಾನಿಯು ಮುಂದಿನ ಗಾಲಿಯ ಪಕ್ಕದಲ್ಲಿ ಹಿಮ್ಮುಖವಾಗಿ ತಿರುಗುವ ಇನ್ನೊಂದು ಗಾಲಿಯನ್ನು ಕೂಡಿಸಿ ಬುಗುರಿಯ ಪರಿಣಾಮವನ್ನು ಅಳಿಸಿ ನೋಡಿದನು. ಅದನ್ನೂ ಅವನು ಹತ್ತಿ ಓಡಿಸಬಲ್ಲವನಾದನು. ೨೦೧೧ರಲ್ಲಿ ಅಮೆರಿಕ ಮತ್ತು ನೆದರ್ಲೆಂಡಿನ ಸಂಶೋಧಕರು ಸವಾರನಿಲ್ಲದೆ, ಬುಗುರಿಯ ಪರಿಣಾಮವೂ ಇಲ್ಲದೆ ತಾನೇ ಸಮತೋಲ ಕಾಯುವ ಒಂದು ಚಿಕ್ಕ ಸೈಕಲ್ಲನ್ನು ಕಟ್ಟಿ ತೋರಿಸಿದರು. ಗುಟ್ಟು ಇಷ್ಟೇ: ಸೈಕಲ್ಲು ಯಾವ ಕಡೆಗೆ ವಾಲುತ್ತದೆಯೋ ಆ ಕಡೆಗೆ ಮುಂದಿನ ಗಾಲಿಯು ತಿರುಗಬೇಕು. ಆಗ ಗಾಲಿಗಳು ಬೀಳುತ್ತಿರುವ ದೇಹದ ಕೆಳಗೆ ಬಂದು ಸೇರುತ್ತವೆ. ಅಂಗೈಯ ಮೇಲೆ ಕೋಲನ್ನು ನಿಲ್ಲಿಸುವ ಹುಡುಗನು ಕೋಲು ವಾಲಿದ ಕಡೆಗೆ ಕೈಯನ್ನು ಸರಿಸುವುದಿಲ್ಲವೇ? ಅದೇ ಉಪಾಯ.

ಆದರೆ ಗಾಲಿಯು ಪಕ್ಕಕ್ಕೆ ಸರಿಯಬೇಕಾದರೆ ನೆಲವು ಅದನ್ನು ಪಕ್ಕಕ್ಕೆ ತಳ್ಳಬೇಕು. ಈ ತಳ್ಳುವಿಕೆಯೇ ಘರ್ಷಣೆ. ಒಣಗಿದ ಒಳ್ಳೆಯ ರಸ್ತೆಯ ಮೇಲೆ ರಬ್ಬರಿನ ಘರ್ಷಣಾಂಕ ಸುಮಾರು ೦.೭. ಅಂದರೆ ಗಾಲಿಯ ಮೇಲೆ ೧೦೦ ಕಿಲೋ ಭಾರವಿದ್ದರೆ ಜಾರುವ ಮೊದಲು ೭೦ ಕಿಲೋ ತೂಕದಷ್ಟು ಬಲವನ್ನು ನೆಲವು ಕೊಡಬಲ್ಲದು. ಮಂಜುಗಡ್ಡೆಯ ಮೇಲೆ ಇದು ೦.೧ಕ್ಕೆ ಇಳಿಯುತ್ತದೆ, ಗಡ್ಡೆಯ ಮೇಲೆ ನೀರಾಡಿದ್ದರೆ ಇನ್ನೂ ಕೆಳಗೆ. ತಾಸಿಗೆ ೧೫ ಕಿಲೋಮೀಟರು ವೇಗದಲ್ಲಿ ಹೋಗುವ ಸವಾರನು ಒಣ ರಸ್ತೆಯಲ್ಲಿ ಎರಡೂವರೆ ಮೀಟರು ತ್ರಿಜ್ಯದ ಬಳಸಿನಲ್ಲಿ ತಿರುಗಬಲ್ಲನು. ಘರ್ಷಣಾಂಕ ೦.೧ ಆದಾಗ ಅದೇ ವೇಗಕ್ಕೆ ಸುಮಾರು ೧೮ ಮೀಟರು ಬೇಕು. ರೋಣದ ಯಾವ ಓಣಿಯ ತಿರುವಿನಲ್ಲಿ ೧೮ ಮೀಟರು ಸಿಕ್ಕೀತು?

ಬೀಳಲು ಹಿಡಿಯುವ ಕಾಲವೂ ಸ್ವಲ್ಪವೇ. ಸವಾರ ಮತ್ತು ಸೈಕಲ್ಲುಗಳ ಗುರುತ್ವ ಕೇಂದ್ರವು ನೆಲದಿಂದ ಸುಮಾರು ಒಂದು ಮೀಟರು ಎತ್ತರದಲ್ಲಿದೆ ಎಂದು ಹಿಡಿದರೆ, ತಿದ್ದದೆ ಬಿಟ್ಟ ವಾಲುವಿಕೆಯು ಒಂದು ಸೆಕೆಂಡಿನ ಮೂರರಲ್ಲೊಂದು ಪಾಲಿನಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಹಿಂದಿನ ಗಾಲಿ ಜಾರಿದರೆ ಸೈಕಲ್ಲಿನ ಬಾಲ ಓಲಾಡುತ್ತದೆ. ಕಾಲೂರಿ ನಿಲ್ಲಲು ಅವಕಾಶವುಂಟು. ಮುಂದಿನ ಗಾಲಿ ಜಾರಿತೆಂದರೆ ಸಮತೋಲದ ಉಪಕರಣವೇ ಕೈಬಿಟ್ಟಂತೆ. ಸವಾರನಿಗೆ ಬಿದ್ದ ಮೇಲೆಯೇ ಬಿದ್ದದ್ದು ತಿಳಿಯುತ್ತದೆ. ಇದನ್ನು ನಾವು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ಒಂದು ಅಕ್ಟೋಬರಿನಲ್ಲಿ ಡಾಂಬರಿನ ರಸ್ತೆಯ ಮೇಲೆ, ಹೊಲದಿಂದ ಹೊರಬಿದ್ದ ಟ್ರ್ಯಾಕ್ಟರುಗಳು ಉದುರಿಸಿ ಹೋದ ಎರೆಯ ಹೆಂಟೆಗಳು ತುಂತುರು ಮಳೆಯಲ್ಲಿ ಕರಗಿ ತೆಳ್ಳಗೆ ಸವರಿಕೊಂಡಿದ್ದವು. ನಾವು ಮುಂದಿನ ಬ್ರೇಕನ್ನು ಹಿಡಿದೆವು. ಎಡ ಮಣಿಕಟ್ಟು ಆರು ವಾರ ಪ್ಲಾಸ್ಟರಿನಲ್ಲಿದ್ದಿತು.

ಇನ್ನು ಬರ್ಫ. ನೀರಿನ ಗಟ್ಟಿ ರೂಪವಾದ ಇದು ಏಕೆ ಜಾರುತ್ತದೆ? ಗಾಜೂ ನುಣುಪಾಗಿದೆ, ಆದರೆ ಒಣ ಗಾಜಿನ ಮೇಲೆ ನಾವು ಹಾಗೆ ಜಾರುವುದಿಲ್ಲ. ೧೮೪೯ರಲ್ಲಿ ಜೇಮ್ಸ್ ಥಾಮ್ಸನ್ ಎಂಬವನು ಒತ್ತಡ ಹೆಚ್ಚಿದಂತೆ ಮಂಜುಗಡ್ಡೆಯ ಕರಗುವ ಉಷ್ಣತೆ ಇಳಿಯಬೇಕೆಂದು ಲೆಕ್ಕ ಹಾಕಿ ಹೇಳಿದನು. ಮರುವರ್ಷ ಅವನ ತಮ್ಮನು ಅದನ್ನು ಪ್ರಯೋಗದಿಂದ ಸ್ಥಿರಪಡಿಸಿದನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು ಈ ತಮ್ಮನೇ. ೧೮೮೬ರಲ್ಲಿ ಡಬ್ಲಿನ್ನಿನ ಜಾನ್ ಜೋಲಿಯು ಇದೇ ತತ್ತ್ವವನ್ನು ಹಿಡಿದು, ಬರ್ಫದ ಮೇಲೆ ಜಾರುವವನ ಪಾದುಕೆಯ ಅಲಗು ಒತ್ತಿದಲ್ಲಿ ಬರ್ಫ ಕರಗಿ ನೀರಾಗುವುದರಿಂದಲೇ ಅವನು ಜಾರುತ್ತಾನೆ ಎಂದನು. ಬಹುಕಾಲ ಪಠ್ಯಪುಸ್ತಕಗಳು ಇದನ್ನೇ ಹೇಳುತ್ತ ಬಂದವು. ನಾವೂ ಕಲಿತದ್ದು ಇದನ್ನೇ. ಆದರೆ ಲೆಕ್ಕ ಕೂಡುವುದಿಲ್ಲ. ಕರಗುವ ಉಷ್ಣತೆಯನ್ನು ಒಂದೇ ಒಂದು ಅಂಶ ಇಳಿಸಬೇಕಾದರೂ ವಾಯುಮಂಡಲದ ೧೩೦ ಪಟ್ಟಿಗೂ ಮಿಕ್ಕಿದ ಒತ್ತಡ ಬೇಕು. ಸೈಕಲ್ಲಿನ ಟೈರಾದರೋ ನೆಲವನ್ನು ಒತ್ತುವುದು ಮೂರು ನಾಲ್ಕು ಪಟ್ಟಿನಷ್ಟು. ಸೊನ್ನೆಯ ಕೆಳಗೆ ಹತ್ತು ಅಂಶದ ಚಳಿಯಲ್ಲಿಯೂ ಟೈರು ಜಾರುತ್ತದೆಂದ ಮೇಲೆ ಕಾರಣ ಬೇರೆಯೇ ಇರಬೇಕು.

೧೯೩೯ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬಿಬ್ಬರು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾಯೋಕ್ ಎಂಬಲ್ಲಿಯ ಹಿಮದ ಗವಿಯಲ್ಲಿ ಪ್ರಯೋಗ ಮಾಡಿ, ಉಜ್ಜುವಿಕೆಯಿಂದ ಹುಟ್ಟುವ ಶಾಖವೇ ಬರ್ಫವನ್ನು ಕರಗಿಸುತ್ತದೆಂದು ತೋರಿಸಿದರು. ಇದು ಹೆಚ್ಚು ಸರಿ. ಆದರೂ ಅಲುಗಾಡದೆ ನಿಂತವನೂ ಬರ್ಫದ ಮೇಲೆ ಜಾರಿ ಬೀಳುತ್ತಾನಲ್ಲ! ಅದಕ್ಕೆ ಉತ್ತರದ ಬೀಜವನ್ನು ೧೮೫೦ರಲ್ಲಿಯೇ ಮೈಕೇಲ್ ಫ್ಯಾರಡೇ ಬಿತ್ತಿದ್ದನು. ಎರಡು ಮಂಜುಗಡ್ಡೆಗಳನ್ನು ತಾಗಿಸಿಟ್ಟರೆ ಅವು ಅಂಟಿಕೊಳ್ಳುತ್ತವೆ. ಆದುದರಿಂದ ಗಡ್ಡೆಯ ಮೇಲ್ಮೈಯಲ್ಲಿ ಸದಾ ನೀರಿನಂಥ ಒಂದು ಪದರು ಇರಬೇಕೆಂದು ಅವನು ತರ್ಕಿಸಿದನು. ಅವನ ಊಹೆಯನ್ನು ಇಂದಿನ ವಿಜ್ಞಾನವು ಎತ್ತಿಹಿಡಿದಿದೆ. ಗಡ್ಡೆಯ ಒಳಗಿನ ಪ್ರತಿಯೊಂದು ನೀರಿನ ಅಣುವಿಗೆ ನಾಲ್ಕು ಸುತ್ತಿನ ನೆರೆಯವರ ಹಿಡಿತವಿದೆ. ಮೇಲ್ಮೈಯ ಅಣುಗಳಿಗೆ ಆ ಹಿಡಿತ ಪೂರ್ಣವಾಗಿಲ್ಲ. ಅವು ಸಡಿಲವಾಗಿ ಉರುಳಾಡುತ್ತವೆ. ಚಳಿ ಹೆಚ್ಚಿದಂತೆ ಈ ಉರುಳಾಟ ಕಡಿಮೆಯಾಗಿ ಬರ್ಫ ಒರಟಾಗುತ್ತದೆ. ೨೦೧೮ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಬರ್ಫದ ಮೇಲೆ ಉಕ್ಕನ್ನು ಉಜ್ಜಿ ಅಳೆದಾಗ ಸೊನ್ನೆಯ ಕೆಳಗೆ ೭ ಅಂಶದಲ್ಲಿ ಜಾರಿಕೆ ಅತ್ಯಧಿಕವಾಗಿತ್ತು. ಅದಕ್ಕಿಂತ ಮೇಲೆ ಬಂದರೆ ಬರ್ಫವೇ ಮಿದುವಾಗಿ ಉಕ್ಕು ಅದರಲ್ಲಿ ಕೊರೆದುಕೊಳ್ಳುತ್ತದೆ. ಮೆತ್ತಗಿನ ಟೈರಿನ ಮಾತು ಬೇರೆ. ಅದಕ್ಕೆ ನೀರಾಡುವ ಬರ್ಫವೇ ಅತ್ಯಂತ ಅಪಾಯದ್ದು. ಸೊನ್ನೆಯ ಕೆಳಗೆ ಇಪ್ಪತ್ತು ಅಂಶದ ಚಳಿಯಲ್ಲಿ ತುಳಿದು ಗಟ್ಟಿಯಾದ ಹಿಮ ಹೆಚ್ಚು ಕಡಿಮೆ ಮರಳಿನಂತೆ ವರ್ತಿಸುತ್ತದೆ.

ಇಂಥ ನೆಲದ ಮೇಲೆ ಸೈಕಲ್ಲು ಹೊಡೆದವರು ಹೊಸಬರೇನಲ್ಲ. ಅಲಾಸ್ಕಾದ ನೋಮ್ ಎಂಬಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿದಾಗ, ೧೯೦೦ರ ಚಳಿಗಾಲದ ಕೊನೆಗೆ ಮ್ಯಾಕ್ಸ್ ಹಿರ್ಷ್‌ಬರ್ಗ್ ಎಂಬ ಯುವಕನು ಕೆನಡಾದ ಡಾಸನ್ ಪಟ್ಟಣದಿಂದ ಹೊರಟು, ಹೆಪ್ಪುಗಟ್ಟಿದ ಯುಕಾನ್ ನದಿಯ ಮೇಲೆ ನಾಯಿಬಂಡಿಗಳ ಜಾಡು ಹಿಡಿದು, ಸಾವಿರ ಮೈಲಿಗೂ ಮಿಕ್ಕಿದ ದಾರಿಯನ್ನು ಸೈಕಲ್ಲಿನ ಮೇಲೆ ಕ್ರಮಿಸಿದನು. ದಾರಿಯಲ್ಲಿ ಒಂದು ಹೊಳೆಯಲ್ಲಿ ಮುಳುಗಿ ಸಾಯುವುದರಿಂದ ತಪ್ಪಿಸಿಕೊಂಡನು. ಕೊನೆಗೆ ಚೈನು ಹರಿದುಹೋಯಿತು. ಆಗ ಮೈಮೇಲಿನ ಕೋಟನ್ನೇ ಹಾಯಿಯಂತೆ ಬಿಚ್ಚಿ ಕಟ್ಟಿ, ಗಾಳಿಯ ಬಲದಿಂದ ಕಡಲಿನ ಬರ್ಫದ ಮೇಲೆ ಸಾಗಿದನಂತೆ.

ಈಗಿನ ಕಾಲದಲ್ಲಿ ಫಿನ್ಲೆಂಡಿನ ಔಲು ಪಟ್ಟಣ ಇದಕ್ಕೆ ಪ್ರಸಿದ್ಧ. ಧ್ರುವವೃತ್ತಕ್ಕೆ ಹತ್ತಿರವಿರುವ ಈ ಊರಿನಲ್ಲಿ ಶಾಲೆಯ ಮಕ್ಕಳು ಕಡು ಚಳಿಯಲ್ಲೂ ಸೈಕಲ್ಲಿನಲ್ಲಿ ಹೋಗುತ್ತಾರೆ. ಚಳಿಗಾಲದ ಸೈಕಲ್ ಸವಾರಿಯ ಮೊದಲ ಅಂತರರಾಷ್ಟ್ರೀಯ ಸಮಾವೇಶ ೨೦೧೩ರಲ್ಲಿ ಕೂಡಿದ್ದೂ ಇಲ್ಲಿಯೇ. ಅವರ ಉಪಾಯಗಳು ಸರಳವಾದವು. ಹಿಮವನ್ನು ಬೆಳಗಾಗುವುದರೊಳಗೆ ಬಳಿದು, ಉಳಿದುದನ್ನು ಒತ್ತಿ ಗಟ್ಟಿ ಮಾಡಿ, ಅದರ ಮೇಲೆ ಸಣ್ಣ ಜಲ್ಲಿಯನ್ನು ಚೆಲ್ಲುತ್ತಾರೆ. ಬೇರೆ ಹಲವು ದೇಶಗಳಲ್ಲಿ ಉಪ್ಪು ಸುರಿಯುವ ರೂಢಿಯಿದೆ. ನೀರಿನಲ್ಲಿ ಉಪ್ಪು ಕರಗಿದಷ್ಟೂ ಹೆಪ್ಪುಗಟ್ಟುವ ಉಷ್ಣತೆ ಇಳಿಯುತ್ತದೆ. ಅಡಿಗೆಯ ಉಪ್ಪಿನಿಂದ ಹೆಚ್ಚೆಂದರೆ ಸೊನ್ನೆಯ ಕೆಳಗೆ ೨೧ ಅಂಶದವರೆಗೆ. ಅದಕ್ಕಿಂತ ಹೆಚ್ಚಿನ ಚಳಿಯಲ್ಲಿ ಉಪ್ಪು ನಿಷ್ಪ್ರಯೋಜಕ, ಮತ್ತು ಯಾವ ಚಳಿಯಲ್ಲಿಯೂ ಅದು ಚೈನಿಗೆ ಶತ್ರು. ಟೈರಿನಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಸಣ್ಣ ಮೊಳೆಗಳನ್ನು ಕೂಡಿಸುವುದು ಇನ್ನೊಂದು ಉಪಾಯ. ಮೊಳೆಯು ಮೇಲಿನ ಸಡಿಲ ಪದರನ್ನು ದಾಟಿ ಒಳಗಿನ ಗಟ್ಟಿ ಬರ್ಫವನ್ನು ಕಚ್ಚುತ್ತದೆ. ಇಲ್ಲಿ ‘ಒಳಗಿನ ಗಟ್ಟಿ’ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದೇ ನಮಗೆ ಕೀಲಿಕೈ.

ಮೂರನೆಯದು ಅಗಲವಾದ ಟೈರು. ೧೯೮೭ರಲ್ಲಿ ಅಲಾಸ್ಕಾದಲ್ಲಿ ಇನ್ನೂರು ಮೈಲಿಯ ಹಿಮದ ಪಂದ್ಯವೊಂದು ಆರಂಭವಾಯಿತು. ಮೆತ್ತನೆಯ ಹಿಮದಲ್ಲಿ ಹೂತುಹೋಗುವ ಸೈಕಲ್ಲನ್ನು ತಳ್ಳಿ ತಳ್ಳಿ ಸಾಕಾದ ಸ್ಪರ್ಧಿಗಳು ಎರಡು ರಿಮ್ಮುಗಳನ್ನು ಒಂದಕ್ಕೊಂದು ಬೆಸೆದು ಅಗಲ ಮಾಡಿದರು. ಇಂದಿನ ನಾಲ್ಕಂಗುಲದ ಟೈರು ಅದರ ಮೊಮ್ಮಗ. ಲೆಕ್ಕ ಸುಲಭವಾಗಿದೆ. ಟೈರಿನೊಳಗಿನ ಗಾಳಿಯ ಒತ್ತಡವೇ ಸುಮಾರಾಗಿ ನೆಲದ ಮೇಲಿನ ಒತ್ತಡ. ಸವಾರನೂ ಸೈಕಲ್ಲೂ ಕೂಡಿ ೮೦ ಕಿಲೋ ಇದ್ದು, ಗಾಳಿ ಚದರ ಸೆಂಟಿಮೀಟರಿಗೆ ೪ ಕಿಲೋ ಇದ್ದರೆ ಎರಡೂ ಗಾಲಿಗಳು ಕೂಡಿ ೨೦ ಚದರ ಸೆಂಟಿಮೀಟರು ನೆಲವನ್ನು ಮುಟ್ಟುತ್ತವೆ. ಗಾಳಿಯನ್ನು ಹತ್ತನೆಯ ಒಂದಂಶಕ್ಕೆ ಇಳಿಸಿದರೆ ೨೦೦ ಚದರ ಸೆಂಟಿಮೀಟರು. ಕಿರಿದಾದ ಟೈರಿನಲ್ಲಿ ಇಷ್ಟು ಕಡಿಮೆ ಗಾಳಿ ಹಾಕಿದರೆ ರಿಮ್ಮು ನೆಲಕ್ಕೆ ಬಡಿಯುತ್ತದೆ. ಆದುದರಿಂದಲೇ ಟೈರು ದಪ್ಪವಾಗಬೇಕು. (ಚಳಿಯು ತಾನಾಗಿಯೇ ಸ್ವಲ್ಪ ಗಾಳಿ ಇಳಿಸುತ್ತದೆ. ಮನೆಯೊಳಗೆ ೨೦ ಅಂಶದಲ್ಲಿ ೩ ಕಿಲೋ ಗಾಳಿ ತುಂಬಿದ ಟೈರು ಹೊರಗೆ ಸೊನ್ನೆಯ ಕೆಳಗೆ ೨೦ ಅಂಶದ ಚಳಿಯಲ್ಲಿ ಸುಮಾರು ಎರಡೂವರೆ ಕಿಲೋ ತೋರಿಸುತ್ತದೆ.)

ಇಷ್ಟು ತಿಳಿದುಕೊಂಡು ನಾವು ನಮ್ಮ ಎರೆಗೆ ಮರಳಿದೆವು. ಕೆಸರೆಂಬುದು ಕೆಟ್ಟ ಬರ್ಫವಿದ್ದಂತೆ ಎಂದು ಆರಂಭದಲ್ಲಿ ಭಾವಿಸಿದ್ದೆವು. ಆ ಭಾವನೆ ತಪ್ಪಾಗಿತ್ತು.

ಎರೆಯ ಜೀವಾಳವು ಮಾಂಟ್‌ಮೊರಿಲೊನೈಟ್ ಜಾತಿಯ ಜೇಡು. ಫ್ರಾನ್ಸಿನ ಮಾಂಟ್‌ಮೊರಿಯೋಂ ಎಂಬ ಊರಿನಿಂದ ೧೮೪೭ರಲ್ಲಿ ಅದಕ್ಕೆ ಆ ಹೆಸರು ಬಂತು. ಅದರ ಕಣವು ಹಪ್ಪಳಗಳನ್ನು ಒಂದರ ಮೇಲೊಂದು ಒಟ್ಟಿದಂತಿರುತ್ತದೆ. ಒಂದೊಂದು ಹಪ್ಪಳದ ದಪ್ಪವು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಹಪ್ಪಳಗಳ ಮೇಲೆ ಋಣ ವಿದ್ಯುತ್ತಿನ ಅಂಶವಿರುವುದರಿಂದ ನಡುವೆ ಸೋಡಿಯಂ, ಕ್ಯಾಲ್ಸಿಯಂ ಮೊದಲಾದ ಧನ ಅಯಾನುಗಳು ಕುಳಿತಿರುತ್ತವೆ. ಆ ಅಯಾನುಗಳು ನೀರನ್ನು ಒಳಕ್ಕೆ ಎಳೆಯುತ್ತವೆ. ನೀರು ನುಗ್ಗಿದಂತೆ ಹಪ್ಪಳಗಳು ದೂರ ಸರಿದು ಮಣ್ಣು ಉಬ್ಬುತ್ತದೆ. ಬೇಸಗೆಯಲ್ಲಿ ನೀರು ಹೋದಾಗ ಕುಗ್ಗಿ, ದನದ ಕಾಲು ಸಿಕ್ಕಿಬೀಳುವಷ್ಟು ಅಗಲದ ಬಿರುಕು ಬಿಡುತ್ತದೆ. ಇಂಥ ಶುದ್ಧ ಜೇಡಿನ ಒಂದು ಗ್ರಾಮಿನಲ್ಲಿ ೭೦೦ರಿಂದ ೮೦೦ ಚದರ ಮೀಟರು ಮೇಲ್ಮೈ ಇರುತ್ತದೆ. ಹತ್ತು ಗ್ರಾಮು, ಅಂದರೆ ಎರಡು ಚಮಚೆ ಜೇಡನ್ನು ಪದರು ಪದರಾಗಿ ಬಿಡಿಸಿ ಹಾಸಿದರೆ ಹೆಚ್ಚು ಕಡಿಮೆ ಎರಡು ಎಕರೆ ಹೊಲ! ಆ ಎರಡೆಕರೆಯೂ ನೀರನ್ನು ಹಿಡಿದಿಡುತ್ತದೆ. ಹಿಂಗಾರಿ ಜೋಳವೂ ಕಡಲೆಯೂ ಕುಸುಬೆಯೂ ಮೇಲಿನ ಮಳೆಯಿಲ್ಲದೆ ಮಾಗುವುದು ಈ ಹಿಡಿತದಿಂದಲೇ. ಆದುದರಿಂದ ನಮ್ಮ ದಾರಿಯನ್ನು ಕೆಡಿಸುವ ಗುಣವೇ ನಮ್ಮ ರೊಟ್ಟಿಯನ್ನೂ ಕೊಡುತ್ತದೆ. ಎರೆಯನ್ನು ಬೈಯುವಾಗ ಈ ಭಾಗದ ಒಕ್ಕಲಿಗರು ಅರ್ಧ ಬಾಯಿಯಲ್ಲಿ ಬೈಯುವುದು ಸಹಜ.

೧೯೧೧ರಲ್ಲಿ ಸ್ವೀಡನ್ನಿನ ರಸಾಯನಜ್ಞ ಆಲ್ಬರ್ಟ್ ಆಟರ್‌ಬರ್ಗನು ಜೇಡಿಮಣ್ಣಿಗೆ ಎರಡು ಮಿತಿಗಳನ್ನು ಗೊತ್ತುಮಾಡಿದನು. ಮೊದಲನೆಯದು ಮಿದುಮಿತಿ: ಇದಕ್ಕಿಂತ ನೀರು ಕಡಿಮೆಯಿದ್ದರೆ ಮಣ್ಣು ಹೊಸೆಯಲು ಬಾರದೆ ಪುಡಿಯಾಗುತ್ತದೆ. ಎರಡನೆಯದು ದ್ರವಮಿತಿ: ಇದಕ್ಕಿಂತ ಹೆಚ್ಚಾದರೆ ಗಂಜಿಯಂತೆ ಹರಿಯುತ್ತದೆ. ಈ ಎರಡರ ನಡುವೆ ಮಣ್ಣಿನ ಬಲವು ಸುಮಾರು ನೂರು ಪಟ್ಟು ವ್ಯತ್ಯಾಸಗೊಳ್ಳುತ್ತದೆ. ಮಿದುಮಿತಿಯಲ್ಲಿ ಚದರ ಸೆಂಟಿಮೀಟರಿಗೆ ಎರಡು ಕಿಲೋ ಬಲವನ್ನು ತಡೆಯುವ ಮಣ್ಣು ದ್ರವಮಿತಿಯಲ್ಲಿ ಇಪ್ಪತ್ತು ಗ್ರಾಮಿಗೆ ಸೋಲುತ್ತದೆ. ಕೆಂಪು ಮಸಾರಿಯು ನೀರನ್ನು ಕೆಳಕ್ಕೆ ಬಸಿದುಬಿಡುತ್ತದೆ. ಎರೆಯಲ್ಲಿ ನೀರು ಬಸಿಯುವುದೇ ಇಲ್ಲವೆನ್ನುವಷ್ಟು ನಿಧಾನ.

ಇಲ್ಲಿಯೇ ಶಾಲೆಯಲ್ಲಿ ಕಲಿತ ಘರ್ಷಣೆಯ ನಿಯಮ ಮುರಿಯುತ್ತದೆ. ಗಟ್ಟಿ ನೆಲದ ಮೇಲೆ ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಮುಟ್ಟಿದ ಜಾಗ ಎಷ್ಟೆಂಬುದು ಮುಖ್ಯವಲ್ಲ. ಹಸಿ ಎರೆಯ ಮೇಲೆ ಭಾರ ಹಾಕಿದರೆ ಆ ಭಾರವನ್ನು ಕಣಗಳು ಹೊರುವುದಿಲ್ಲ, ನಡುವೆ ಸಿಕ್ಕಿಬಿದ್ದ ನೀರು ಹೊರುತ್ತದೆ. ಕಾರ್ಲ್ ಟೆರ್‌ಜಾಘಿಯು ೧೯೨೫ರಲ್ಲಿ ಪ್ರಕಟಿಸಿದ ಮಣ್ಣಿನ ಯಂತ್ರಶಾಸ್ತ್ರದ ಗ್ರಂಥದ ಮುಖ್ಯ ತಿಳಿವಳಿಕೆ ಇದೇ. ನೀರು ಓಡಿಹೋಗಲು ವೇಳೆಯಿಲ್ಲವಾದ್ದರಿಂದ, ಎಷ್ಟು ಒತ್ತಿದರೂ ಮಣ್ಣಿನ ಹಿಡಿತ ಹೆಚ್ಚುವುದಿಲ್ಲ. ಹಿಡಿತವು ಮುಟ್ಟಿದ ಜಾಗವನ್ನು ಮಾತ್ರ ಅವಲಂಬಿಸುತ್ತದೆ. ದಪ್ಪ ಮನುಷ್ಯನಿಗೆ ಇಲ್ಲಿ ಯಾವ ಲಾಭವೂ ಇಲ್ಲ!

ಒಂದು ಸ್ಥೂಲ ಲೆಕ್ಕವನ್ನು ನೋಡಿರಿ. ಮಿದು ಜೇಡು ತನ್ನ ಬಲದ ಸುಮಾರು ಐದು ಪಟ್ಟು ಒತ್ತಡವನ್ನು ಮೇಲಿನಿಂದ ಹೊರಬಲ್ಲದು. ಟೈರಿನ ಒತ್ತಡ ಅದಕ್ಕಿಂತ ಹೆಚ್ಚಾಗಿದ್ದರೆ ಗಾಲಿಯು ಹೂಳುತ್ತ ಹೋಗಿ, ಸಾಕಷ್ಟು ಜಾಗವನ್ನು ಮುಟ್ಟಿದ ಮೇಲೆ ನಿಲ್ಲುತ್ತದೆ. ಹಾಗೆ ನಿಂತ ಗಾಲಿಗೆ ಸಿಗುವ ಹಿಡಿತ ಎಷ್ಟು? ಭಾರದ ಐದರಲ್ಲೊಂದು ಪಾಲು, ಅಂದರೆ ೦.೨. ಮಣ್ಣು ಎಷ್ಟು ಮಿದುವೆಂಬುದು ಈ ಲೆಕ್ಕದಿಂದ ಹೊರಟೇಹೋಗುತ್ತದೆ; ಮಿದುವಾದಷ್ಟೂ ಗಾಲಿ ಹೆಚ್ಚು ಹೂಳುತ್ತದೆ, ಅಷ್ಟೇ. ಬರ್ಫದ ೦.೧ಕ್ಕೆ ಹೋಲಿಸಿದರೆ ಇದು ದುಪ್ಪಟ್ಟು. ಹಾಗಾದರೆ ಹೂತು ಹೋಗುವ ಎರೆಯಲ್ಲಿ ಸವಾರನು ಬರ್ಫಕ್ಕಿಂತ ಕಡಿಮೆ ಜಾರಬೇಕು. ಹುಡುಗನು ಹೇಳಿದ್ದು ನಿಜ. ನಿಜವಾಗಿ ಜಾರುವುದು ಮಳೆಯ ಮೊದಲ ಅರ್ಧ ತಾಸಿನಲ್ಲಿ. ಆಗ ಕೆಳಗಿನ ನೆಲ ಕಲ್ಲಿನಂತೆ ಗಟ್ಟಿ. ಮೇಲೆ ಕೂದಲೆಳೆಯಷ್ಟು ಲೋಳೆ. ಗಾಲಿ ಹೂಳುವುದಿಲ್ಲ, ಮುಟ್ಟುವ ಜಾಗ ಇಪ್ಪತ್ತು ಚದರ ಸೆಂಟಿಮೀಟರೇ ಉಳಿಯುತ್ತದೆ, ಲೋಳೆಯ ಬಲವೋ ಇಪ್ಪತ್ತು ಗ್ರಾಮು. ಗುಣಿಸಿದರೆ ನಾಲ್ಕುನೂರು ಗ್ರಾಮು! ಟೈರಿನ ಗೀರುಗಳು ಲೋಳೆಯನ್ನು ಹಿಂಡಿ ಅಲ್ಲಲ್ಲಿ ಕೆಳಗಿನ ಗಟ್ಟಿಯನ್ನು ಮುಟ್ಟುವುದರಿಂದ ಮಾತ್ರ ನಾವು ಬದುಕುತ್ತೇವೆ. ನೀರಾಡುವ ಬರ್ಫದ ತಮ್ಮನೆಂದರೆ ಈ ಲೋಳೆಯೇ. ನಮ್ಮ ಮಣಿಕಟ್ಟು ಇದಕ್ಕೆ ಸಾಕ್ಷಿ.

ಇದನ್ನು ಮನೆಯಲ್ಲಿಯೇ ನೋಡಬಹುದು. ಒಂದು ಹಲಗೆಯ ಮೇಲೆ ಎರೆಯನ್ನು ಮೆತ್ತಿ ಬಿಸಿಲಿನಲ್ಲಿ ಒಣಗಿಸಿರಿ. ಹಳೆಯ ಟೈರಿನ ತುಂಡಿನ ಮೇಲೆ ಇಟ್ಟಿಗೆ ಕಟ್ಟಿ ಅದರ ಮೇಲಿಟ್ಟು ಹಲಗೆಯನ್ನು ಮೆಲ್ಲಗೆ ಎತ್ತಿರಿ. ಸಾಕಷ್ಟು ಕಡಿದಾಗುವವರೆಗೆ ತುಂಡು ಜಾರದು, ೦.೭ರ ಘರ್ಷಣಾಂಕಕ್ಕೆ ೩೫ ಅಂಶದ ಓರೆ ಬೇಕು. ಬಳಿಕ ನೀರು ಚಿಮುಕಿಸಿ ಬೆರಳಿನಿಂದ ಸವರಿ ಮತ್ತೆ ಎತ್ತಿರಿ. ಹಲಗೆ ಓರೆಯಾಯಿತೋ ಇಲ್ಲವೋ ಎನ್ನುವಷ್ಟರಲ್ಲಿ ತುಂಡು ಕೆಳಗಿರುತ್ತದೆ. ಇಡೀ ಮೆತ್ತೆಯನ್ನು ನೆನೆಯಬಿಟ್ಟು ಮೂರನೆಯ ಸಲ ಮಾಡಿದರೆ ತುಂಡು ಜಾರುವುದರ ಬದಲು ಅಂಟಿ ನಿಲ್ಲುತ್ತದೆ.

ಅಂಟಿ ನಿಲ್ಲುತ್ತದೆ! ಪ್ರಶ್ನೆಯ ಉತ್ತರ ಇಲ್ಲಿದೆ. ಎರೆಯಲ್ಲಿ ಸೈಕಲ್ಲು ಸೋಲುವುದು ಜಾರಿಕೆಯಿಂದಲ್ಲ, ಅಂಟಿನಿಂದ. ತೇವದ ಒಂದು ಹದದಲ್ಲಿ ಮಣ್ಣು ರಬ್ಬರನ್ನು ಹಿಡಿಯುವ ಬಲವು ಮಣ್ಣು ಮಣ್ಣನ್ನು ಹಿಡಿಯುವ ಬಲವನ್ನು ಮೀರುತ್ತದೆ. ಆದುದರಿಂದ ಗಾಲಿ ಮೇಲೇಳುವಾಗ ಮಣ್ಣು ತನ್ನೊಳಗೇ ಹರಿದು ಒಂದು ಪದರು ಟೈರಿನೊಡನೆ ಹೊರಡುತ್ತದೆ. ಮರು ಸುತ್ತಿನಲ್ಲಿ ಅದರ ಮೇಲೆ ಇನ್ನೊಂದು. ಸುತ್ತಿಗೆ ಅರ್ಧ ಮಿಲಿಮೀಟರೆಂದು ಹಿಡಿದರೂ, ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಒಂದು ಸೆಂಟಿಮೀಟರಿನ ಸಂದು ಇಪ್ಪತ್ತೇ ಸುತ್ತಿಗೆ ಮುಚ್ಚಿಹೋಗುತ್ತದೆ. ದೊಡ್ಡ ಸೈಕಲ್ಲಿನ ಗಾಲಿಯ ಒಂದು ಸುತ್ತು ಎರಡು ಮೀಟರು ಇಪ್ಪತ್ತು ಸೆಂಟಿಮೀಟರು. ಅಂದರೆ ನಲವತ್ತುನಾಲ್ಕು ಮೀಟರು ದಾರಿ. ಅಲ್ಲಿಗೆ ಗಾಲಿ ನಿಂತಿತು. ಬರ್ಫವು ಎಷ್ಟು ಜಾರಿದರೂ ಗಾಲಿಯನ್ನು ಹೀಗೆ ಕಟ್ಟಿಹಾಕುವುದಿಲ್ಲ. ಕಡು ಚಳಿಯ ಒಣ ಹಿಮ ಟೈರಿನಿಂದ ಉದುರಿಬೀಳುತ್ತದೆ. ಮೊಳೆಯ ಟೈರೂ ನಮಗೆ ಉಪಯೋಗವಿಲ್ಲ, ಏಕೆಂದರೆ ಕಚ್ಚಲು ಒಳಗಿನ ಗಟ್ಟಿ ಬೇಕು. ನೆನೆದ ಎರೆಯಲ್ಲಿ ಆ ಗಟ್ಟಿಯು ಮೊಳದ ಆಳದಲ್ಲಿರುತ್ತದೆ. ಅಗಲವಾದ ಟೈರು ಹೂಳುವುದನ್ನು ತಪ್ಪಿಸೀತು, ಆದರೆ ಹೆಚ್ಚು ಮಣ್ಣನ್ನು ಹೊರುತ್ತದೆ. ಹಿರಿಯರ ಚಕ್ಕಡಿಯನ್ನು ನೋಡಿರಿ: ಗಾಲಿ ಎತ್ತರ, ಹಳಿ ಕಬ್ಬಿಣದ್ದು, ಮೇಲೆ ಮುಚ್ಚಳಿಕೆಯೇ ಇಲ್ಲ. ಹೆಚ್ಚಾದ ಮಣ್ಣು ತನ್ನ ಭಾರಕ್ಕೆ ತಾನೇ ಕಳಚಿ ಬೀಳುತ್ತದೆ.

೨೦೦೬-೦೭ರಲ್ಲಿ ಕರ್ನಾಟಕ ಸರಕಾರವು ಎ೦ಟನೆಯ ತರಗತಿಯ ವಿದ್ಯಾರ್ಥಿನಿಯರಿಗೆ ಸೈಕಲ್ಲು ಕೊಡಲು ಆರಂಭಿಸಿ, ಬಳಿಕ ಹುಡುಗರಿಗೂ ಕೊಟ್ಟಿತು. ಆ ಸೈಕಲ್ಲುಗಳು ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಮುಟ್ಟಿಸಿದವು. ಅವುಗಳಿಗೂ ಗಾಲಿಗೆ ಹತ್ತಿಕೊಂಡಂತಿರುವ ಮಡ್‌ಗಾರ್ಡುಗಳಿದ್ದವು. ಡಾಂಬರಿನ ರಸ್ತೆಯಲ್ಲಿ ಲಂಗವನ್ನು ಕಾಯುವ ತಗಡೇ ಎರೆಯಲ್ಲಿ ಗಾಲಿಯ ಬೇಡಿ. ನಮ್ಮ ವಿದ್ಯಾರ್ಥಿಗೆ ನಾವು ಹೇಳಿದ್ದು ಇಷ್ಟು: ಉತ್ತರಿ ಮಳೆ ಹತ್ತಿದ ಕೂಡಲೆ ಮಡ್‌ಗಾರ್ಡುಗಳನ್ನು ಕಳಚಿಡು, ಬದುವಿನ ಮೇಲೆ ಹುಲ್ಲಿದ್ದಲ್ಲಿ ಹುಲ್ಲಿನ ಮೇಲೆಯೇ ಹೋಗು, ಲೋಳೆಯ ಹೊತ್ತಿನಲ್ಲಿ ಮುಂದಿನ ಬ್ರೇಕನ್ನು ಮುಟ್ಟಬೇಡ, ಗಾಳಿಯನ್ನು ತುಸು ಇಳಿಸು, ಸೀಟನ್ನೂ ಇಳಿಸಿ ಕಾಲು ನೆಲಕ್ಕೆ ಎಟಕುವಂತೆ ಇಟ್ಟುಕೋ, ಅಂಟು ಬಂದ ಮೇಲೆ ಹಟ ಮಾಡಬೇಡ. ಅವನು ತಿಂಗಳ ಬಳಿಕ ಬಂದು, ಮಣ್ಣು ಕೆರೆಯಲು ಜಾಲಿಯ ಕೋಲಿಗಿಂತ ಸಜ್ಜೆಯ ದಂಟು ಮೇಲು, ಅದು ರಿಮ್ಮಿನ ಸಂದಿನಲ್ಲಿ ಬಾಗುತ್ತದೆ ಎಂದು ನಮಗೇ ಪಾಠ ಹೇಳಿದನು. ಸಾಧ್ಯವಾದ ದಾರಿ ಮೂರು ಕಿಲೋಮೀಟರಿನಲ್ಲಿ ಒಂದಕ್ಕೆ ಹೆಚ್ಚಿತು. ಉಳಿದೆರಡನ್ನು ಹೆಗಲೇ ಹೊರಬೇಕು. ಅದೇ ಊರಿನ ಇಬ್ಬರು ಹುಡುಗಿಯರು ಸೈಕಲ್ಲುಗಳನ್ನು ಡಾಂಬರಿನ ಪಕ್ಕದ ಒಂದು ಮನೆಯಲ್ಲಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಆ ಮೂರು ಕಿಲೋಮೀಟರು ನಡೆಯುತ್ತಾರೆ. ಹಾಜರಿಯ ಮಟ್ಟಿಗೆ ಇದೇ ಹೆಚ್ಚು ಫಲಕಾರಿಯಾಗಿದೆಯೆಂದು ನಾವು ಒಪ್ಪಿಕೊಳ್ಳಬೇಕು.

ಗಾಲಿಯನ್ನು ತಿದ್ದುವುದಕ್ಕಿಂತ ನೆಲವನ್ನು ತಿದ್ದುವ ಮಾತು ಸಹಜವಾಗಿ ಬಂತು. ಔಲುವಿನ ಜಲ್ಲಿಗೆ ನಮ್ಮ ಗರಸು ಸಮ. ಆದರೆ ಗರಸನ್ನು ನೇರವಾಗಿ ಎರೆಯ ಮೇಲೆ ಸುರಿದರೆ ಮಳೆಗಾಲಗಳು ಕಳೆದಂತೆ ಎರೆ ಅದನ್ನು ನುಂಗಿಬಿಡುತ್ತದೆ. ಬರ್ಫಕ್ಕೆ ಉಪ್ಪಿದ್ದಂತೆ ಎರೆಗೆ ಸುಣ್ಣವುಂಟು. ಸುಣ್ಣದ ಕ್ಯಾಲ್ಸಿಯಂ ಅಯಾನುಗಳು ಹಪ್ಪಳಗಳ ನಡುವೆ ಕುಳಿತು ಅವನ್ನು ಹತ್ತಿರ ಎಳೆಯುತ್ತವೆ. ಜೇಡು ಅಂಟು ಬಿಟ್ಟು ಹರಳಾಗುತ್ತದೆ, ಕಾಲಕ್ರಮದಲ್ಲಿ ಗಾರೆಯಂತೆ ಬಿಗಿಯುತ್ತದೆ. ರಸ್ತೆಯ ಎಂಜಿನಿಯರರು ಈ ವಿಧಾನವನ್ನು ಬಲ್ಲರು. ಮಣ್ಣಿನ ಒಣ ತೂಕದ ನೂರಕ್ಕೆ ಮೂರರಿಂದ ಆರು ಪಾಲು ಸುಣ್ಣ ಸಾಕು. ಸೈಕಲ್ಲಿಗೆಂದೇ ಮೂರು ಕಿಲೋಮೀಟರು ಉದ್ದ, ಒಂದು ಮೀಟರು ಅಗಲದ ಪಟ್ಟಿಯೊಂದನ್ನು ಮಾಡುವುದಾದರೆ, ಹದಿನೈದು ಸೆಂಟಿಮೀಟರು ದಪ್ಪದ ಎರೆಯ ತೂಕ ಸುಮಾರು ೬೭೫ ಟನ್ನು. ನೂರಕ್ಕೆ ನಾಲ್ಕರಂತೆ ಸುಣ್ಣ ೨೭ ಟನ್ನು. ಅದರ ಮೇಲೆ ಹತ್ತು ಸೆಂಟಿಮೀಟರು ಗರಸಿಗೆ ೩೦೦ ಘನಮೀಟರು. ಟ್ರೇಲಿಗೆ ಮೂರು ಘನಮೀಟರು ಹಿಡಿದರೆ ನೂರು ಟ್ರ್ಯಾಕ್ಟರು. ಈ ಲೆಕ್ಕವನ್ನು ಆ ಹುಡುಗನೇ ತನ್ನ ಪ್ರಯೋಗದ ವಹಿಯ ಕೊನೆಯ ಪುಟದಲ್ಲಿ ಮಾಡಿದನು. ಟನ್ನಿನ ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿತ್ತು, ತಿದ್ದಿ ಕೊಟ್ಟೆವು. ಆ ಪುಟವನ್ನು ಹರಿದುಕೊಂಡು ಅವನು ಊರಿನ ಪಂಚಾಯತಿಗೆ ಒಯ್ದಿದ್ದಾನೆ.